ಕೊಟ್ಟಿಗೆಯ ಬೇನೆ ಮನುಷ್ಯನಿಗೆ ತಗಲುವುದೆ?

ದನದ ಬೇನೆ ದನಕ್ಕೆ, ಮನುಷ್ಯನ ಬೇನೆ ಮನುಷ್ಯನಿಗೆ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಒಂದು ಲೆಕ್ಕಕ್ಕೆ ಅದು ನಿಜವೇ. ಕೊಟ್ಟಿಗೆಯಲ್ಲಿ ಎಮ್ಮೆ ಜ್ವರ ಬಂದು ಮಲಗಿತೆಂದು ಮನೆಯ ಯಜಮಾನನೂ ಮಲಗಬೇಕಾಗಿಲ್ಲ. ಆದರೆ ಹಾಲು ಕರೆಯುವವರು, ಕುರಿ ಕಾಯುವವರು, ಕೋಳಿ ಕೊಯ್ಯುವವರು, ಪಶುವೈದ್ಯರು, ಕಾಡಿನಿಂದ ಸೊಪ್ಪು ಹೊರುವವರು, ಇವರನ್ನು ಕೇಳಿದರೆ ಬೇರೆಯ ಮಾತನ್ನೇ ಹೇಳಿಯಾರು. ಪ್ರಾಣಿಗಳ ಮೈಯಲ್ಲಿ ಮನೆಮಾಡಿಕೊಂಡಿರುವ ವೈರಸ್ಸುಗಳಲ್ಲಿ ಕೆಲವು ಇಂಥವರ ಮೈಗೆ ದಾಟುತ್ತವೆ. ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ, ದಾಟುವ ದಾರಿ ಎಂಥದು ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಪಟ್ಟಣದಲ್ಲಿ ರೇಡಿಯೋ ಮುಂದೆ ಕುಳಿತ ನಮಗೆ ಈ ವಿಚಾರ ಏಕೆ ಎಂದು ನೀವು ಕೇಳಬಹುದು. ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬಂದ ಹಾಲನ್ನು ಕರೆದ ಕೈ ಒಂದಿದೆ. ಆ ಕೈಗೆ ಏನಾಯಿತೆಂಬುದು ನಿಮಗೂ ಸಂಬಂಧಿಸಿದ ವಿಷಯವೇ.

ಹಾಗೆ ನೋಡಿದರೆ ಈ ಕಥೆ ಆರಂಭವಾಗುವುದೇ ಹಾಲು ಕರೆಯುವ ಕೈಯಿಂದ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಸುವಿನ ಕೆಚ್ಚಲ ಮೇಲೆ ಒಂದು ಬಗೆಯ ಗುಳ್ಳೆ ಏಳುತ್ತಿತ್ತು. ಹಾಲು ಕರೆಯುವ ಹೆಣ್ಣುಮಕ್ಕಳ ಬೆರಳಿಗೂ ಅದು ಅಂಟುತ್ತಿತ್ತು. ಕೆಲವು ದಿನ ಜ್ವರ, ಕಂಕುಳಲ್ಲಿ ಗಡ್ಡೆ, ಆಮೇಲೆ ವಾಸಿ. ಆದರೆ ಅಂಥವರಿಗೆ ಮಾರಿಯಾದ ಸಿಡುಬು ಬಾರದೆಂಬುದನ್ನು ರೈತರು ಕಂಡುಕೊಂಡಿದ್ದರು. ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲೇ ತನ್ನ ಹೆಂಡತಿಗೂ ಇಬ್ಬರು ಮಕ್ಕಳಿಗೂ ಹಸುವಿನ ಗುಳ್ಳೆಯ ಕೀವನ್ನು ಸೂಜಿಯಿಂದ ಚುಚ್ಚಿದ. ಇದಾಗಿ ಇಪ್ಪತ್ತೆರಡು ವರ್ಷದ ಮೇಲೆ, 1796ರ ಮೇ 14ರಂದು, ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಸಾರಾ ನೆಲ್ಮ್ಸ್ ಎಂಬ ಹಾಲುಗಾರತಿಯ ಕೈಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಹಾಕಿದ. ಮುಂದೆ ಅದೇ ಹುಡುಗನಿಗೆ ಸಿಡುಬಿನ ಕೀವನ್ನೇ ಹಾಕಿ ನೋಡಿದಾಗಲೂ ಅವನಿಗೆ ಸಿಡುಬು ಬರಲಿಲ್ಲ. ಇಂದಿನ ಕಾಲದಲ್ಲಿ ಹೀಗೆ ಮಾಡಿದ್ದರೆ ಜೆನ್ನರನನ್ನು ಪೊಲೀಸರು ವಿಚಾರಿಸಿಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು.

ಆ ರಸ ಬಾಗ್ದಾದ್, ಬಸ್ರಾಗಳ ಮೂಲಕ ತೋಳಿನಿಂದ ತೋಳಿಗೆ ದಾಟುತ್ತ 1802ರ ಜೂನಿನಲ್ಲಿ ಮುಂಬಯಿಗೆ ಬಂದಿತು. ನಮ್ಮ ಮೈಸೂರಿಗೂ ಬಹಳ ತಡವಾಗಲಿಲ್ಲ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ರಾಣಿಯರ ಚಿತ್ರವನ್ನು ಬರೆದಿದ್ದಾನೆ. ಅದರಲ್ಲಿ ಒಬ್ಬ ರಾಣಿ ಸೆರಗನ್ನು ಸ್ವಲ್ಪ ಸರಿಸಿ ತೋಳು ತೋರಿಸುತ್ತಿರುವುದು ಮೈಲಿ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ಕಾಣಿಸಲೆಂದೇ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ವಾದವಷ್ಟೆ, ಆದರೆ ಸೊಗಸಾದ ವಾದ. ಕೊಟ್ಟಿಗೆಯ ಒಂದು ವೈರಸ್ಸು ಹಾಲು ಕರೆಯುವವಳ ಬೆರಳಿಗೆ ದಾಟಿದ್ದರಿಂದ ದೊರೆತ ತಿಳಿವಳಿಕೆಯೇ ಬೆಳೆದು, 1980ರಲ್ಲಿ ಸಿಡುಬು ಲೋಕದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರುವಂತಾಯಿತು.

ಇದಕ್ಕೊಂದು ಬಾಲವೂ ಇದೆ. ಸಿಡುಬು ಹೋದಮೇಲೆ ಮೈಲಿ ಹಾಕುವುದೂ ನಿಂತಿತು. ನಿಂತ ಕೆಲವೇ ವರ್ಷಗಳಲ್ಲಿ, 1985ರಿಂದ 1987ರ ತನಕ, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಎಮ್ಮೆಗಳ ಕೆಚ್ಚಲಲ್ಲಿ ಸಿಡುಬಿನಂಥ ಗುಳ್ಳೆಗಳೆದ್ದವು. ಹಾಲು ಕರೆಯುವವರ ಕೈಯಲ್ಲೂ ಎದ್ದವು. ಪರೀಕ್ಷಿಸಿ ನೋಡಿದರೆ ಅದರ ವೈರಸ್ಸು, ನಾವು ತೋಳಿಗೆ ಹಾಕಿಸಿಕೊಳ್ಳುತ್ತಿದ್ದ ಮೈಲಿ ರಸದ ವೈರಸ್ಸಿಗೆ ತೀರ ಹತ್ತಿರದ ನೆಂಟ. ಮನುಷ್ಯನಿಂದ ಎಮ್ಮೆಗೆ ಹೋದದ್ದು ಎಮ್ಮೆಯಿಂದ ಮನುಷ್ಯನಿಗೆ ಮರಳಿತೇ ಎಂದು ಬಲ್ಲವರು ಕೇಳುತ್ತಾರೆ. ಪ್ರಾಣಕ್ಕೆ ಅಪಾಯವಿಲ್ಲದ ಬೇನೆ ಅದು. ಕೆಲವು ವಾರಗಳಲ್ಲಿ ಮಾಯುತ್ತದೆ. ಆದರೆ ಕೂಲಿಗೆ ಹಾಲು ಕರೆಯುವವನಿಗೆ ಆ ವಾರಗಳಲ್ಲಿ ಕೂಲಿ ಇಲ್ಲ.

ಹಾಗಾದರೆ ದನಕರುಗಳಿಗೆ ಬರುವುದೆಲ್ಲ ನಮಗೂ ಬಂದೀತೆ? ಇಲ್ಲ. ವೈರಸ್ಸು ಎಂಬುದು ಸಾಮಾನ್ಯ ಸೂಕ್ಷ್ಮದರ್ಶಕದ ಕಣ್ಣಿಗೂ ಬೀಳದಷ್ಟು ಸಣ್ಣದು. ತಾನಾಗಿ ಉಣ್ಣದು, ತಾನಾಗಿ ಬೆಳೆಯದು. ಒಂದು ಜೀವಕೋಶದ ಒಳಹೊಕ್ಕರೆ ಮಾತ್ರ ಆ ಕೋಶದ ಸಾಮಗ್ರಿಯಿಂದಲೇ ತನ್ನಂಥವನ್ನು ಸಾವಿರಗಟ್ಟಲೆ ಮಾಡಿಸಿಕೊಳ್ಳುತ್ತದೆ. ಒಳಹೋಗಬೇಕಾದರೆ ಬಾಗಿಲು ತೆರೆಯಬೇಕು. ಕೋಶದ ಮೈಮೇಲೆ ಬೀಗದಂತೆ ಕೆಲವು ವಸ್ತುಗಳಿರುತ್ತವೆ. ವೈರಸ್ಸಿನ ಮೈಮೇಲೆ ಅದಕ್ಕೆ ತಕ್ಕ ಬೀಗದಕೈ ಇರಬೇಕು. ದನದ ಬೀಗಕ್ಕೆ ಮಾಡಿದ ಬೀಗದಕೈ ಮನುಷ್ಯನ ಬೀಗಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಹೊಂದಿದರೂ ಒಳಗೆ ಹೋದಮೇಲೆ ನಮ್ಮ ಮೈಯ ಕಾವಲುಗಾರರನ್ನು ತಪ್ಪಿಸಿಕೊಳ್ಳಬೇಕು. ಆದುದರಿಂದ ಹೆಚ್ಚಿನ ವೈರಸ್ಸುಗಳು ತಮ್ಮ ತಮ್ಮ ಪ್ರಾಣಿಗಳಲ್ಲೇ ಉಳಿದುಬಿಡುತ್ತವೆ.

ದೊಡ್ಡರೋಗದ ಹೆಸರನ್ನು ಹಿರಿಯರು ಕೇಳಿರುತ್ತೀರಿ. ಅದು ಊರಿಗೆ ಹೊಕ್ಕರೆ ಕೊಟ್ಟಿಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಅಂಥ ದನಗಳ ಆರೈಕೆ ಮಾಡಿದವರಿಗೆ, ಸತ್ತ ದನದ ಚರ್ಮ ಸುಲಿದವರಿಗೆ ಅದು ತಗಲಿದ್ದೇ ಇಲ್ಲ. 2011ರಲ್ಲಿ ಆ ರೋಗ ಭೂಮಿಯಿಂದಲೇ ನಿರ್ಮೂಲವಾಯಿತು. ಸಿಡುಬಿನ ಅನಂತರ ಹಾಗೆ ಹೋದದ್ದು ಅದೊಂದೇ. ಕಾಲುಬಾಯಿ ಜ್ವರ ಮನುಷ್ಯನಿಗೆ ತಗಲಿದ ಉದಾಹರಣೆಗಳನ್ನು ಬೆರಳಲ್ಲಿ ಎಣಿಸಬಹುದು. 2022ರಲ್ಲಿ ನಮ್ಮ ರಾಜ್ಯದ ದನಗಳಿಗೆ ಚರ್ಮಗಂಟು ರೋಗ ಬಂದಾಗ ಹಾಲು ಕುಡಿಯಲು ಹೆದರಿದವರಿದ್ದರು. ಆ ವೈರಸ್ಸು ಮನುಷ್ಯನಿಗೆ ಬರುವುದಿಲ್ಲ. ಹೆದರಿಕೆಯಿಂದ ನಷ್ಟವಾದದ್ದು ಹಸು ಕಳೆದುಕೊಂಡಿದ್ದ ರೈತನಿಗೇ.

ಆದರೂ ಒಂದು ಮಾತನ್ನು ಮರೆಯಬಾರದು. ದೊಡ್ಡರೋಗದ ವೈರಸ್ಸೂ ನಮ್ಮ ಮಕ್ಕಳಿಗೆ ಬರುವ ದಡಾರದ ವೈರಸ್ಸೂ ದಾಯಾದಿಗಳು. ಮನುಷ್ಯ ದನ ಸಾಕಿ, ದೊಡ್ಡ ದೊಡ್ಡ ಊರು ಕಟ್ಟಿಕೊಂಡು ಬಾಳತೊಡಗಿದ ಮೇಲೆ ಎಂದೋ ಒಂದು ದಿನ ದನದ ಕಡೆಯ ಮೂಲಪುರುಷನೊಬ್ಬ ನಮ್ಮ ಕಡೆಗೆ ದಾಟಿ, ಇಲ್ಲೇ ನೆಲೆಯೂರಿ ದಡಾರವಾದನೆಂದು ವಿಜ್ಞಾನಿಗಳ ಅಭಿಪ್ರಾಯ. ಬೀಗ ಹೊಂದದು ಎಂಬ ಮಾತು ಇಂದಿನ ಮಟ್ಟಿಗೆ ಸತ್ಯ. ಬೀಗದಕೈ ಅರೆದು ಅರೆದು ಆಕಾರ ಬದಲಾಯಿಸುವುದುಂಟು. ಅದಕ್ಕೆ ಬೇಕಾದದ್ದು ಅವಕಾಶ. ಆ ಅವಕಾಶ ಹೆಚ್ಚಾಗಿ ಸಿಗುವುದು ದಿನವೂ ಪ್ರಾಣಿಗಳ ಮೈ ಮುಟ್ಟುವವರಲ್ಲಿ.

ಮಲೇಶಿಯದಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1998ರ ಸೆಪ್ಟೆಂಬರಿನಲ್ಲಿ ಇಪೋ ನಗರದ ಸುತ್ತಮುತ್ತ ಹಂದಿ ಸಾಕುವವರಿಗೆ ತಲೆನೋವು, ಜ್ವರ, ಆಮೇಲೆ ಪ್ರಜ್ಞೆ ತಪ್ಪುವುದು ಕಂಡುಬಂದಿತು. ಮಿದುಳಿನ ಉರಿಯೂತ. ಆ ಸೀಮೆಯಲ್ಲಿ ಹಂದಿಗಳ ರಕ್ತ ಹೀರಿದ ಸೊಳ್ಳೆಯಿಂದ ಬರುವ ಜಪಾನಿ ಮಿದುಳು ಜ್ವರ ಮೊದಲಿನಿಂದಲೂ ಇತ್ತು. ಅದೇ ಇದು ಎಂದು ಅಧಿಕಾರಿಗಳು ಬಗೆದು ಸೊಳ್ಳೆಗೆ ಹೊಗೆ ಹಾಕಿಸಿದರು, ಜನರಿಗೆ ಲಸಿಕೆ ಚುಚ್ಚಿಸಿದರು. ಊಹೆ ಬುಡವಿಲ್ಲದ್ದೇನೂ ಆಗಿರಲಿಲ್ಲ. ಆದರೆ ಲೆಕ್ಕ ಸರಿಹೋಗಲಿಲ್ಲ. ಜಪಾನಿ ಜ್ವರ ಹೆಚ್ಚಾಗಿ ಹಿಡಿಯುವುದು ಮಕ್ಕಳನ್ನು. ಇಲ್ಲಿ ಮಲಗಿದವರು ದುಡಿಯುವ ವಯಸ್ಸಿನ ಗಂಡಸರು. ಲಸಿಕೆ ಹಾಕಿಸಿಕೊಂಡವರೂ ಸತ್ತರು. ಇನ್ನೂ ಒಂದು ವಿಚಿತ್ರ: ಪಕ್ಕದ ಮಲಯ್ ಕೇರಿಗಳ ಮುಸಲ್ಮಾನರು ಹಂದಿ ಸಾಕುವವರಲ್ಲ, ಅವರಿಗೆ ಬೇನೆ ಬರಲಿಲ್ಲ. ಸೊಳ್ಳೆಗೆ ಜಾತಿಮತಗಳ ಭೇದವುಂಟೆ? ಸೊಳ್ಳೆಯೇ ಕಾರಣವಾಗಿದ್ದರೆ ಎಲ್ಲರನ್ನೂ ಕಚ್ಚಬೇಕಿತ್ತಲ್ಲ!

ಅಷ್ಟರಲ್ಲಿ ಕಾಯಿಲೆಯ ಸೀಮೆಯ ಹಂದಿಗಳನ್ನು ರೈತರು ಬೇಗಬೇಗನೆ ಬೇರೆ ಕಡೆಗೆ ಮಾರಿದರು. ಲಾರಿಗಳಲ್ಲಿ ಹಂದಿಯೊಡನೆ ರೋಗವೂ ದಕ್ಷಿಣಕ್ಕೆ ಪಯಣಿಸಿತು. ಹಂದಿಗಳು ದೂರಕ್ಕೆ ಕೇಳುವಂತೆ ಬೊಗಳುಗೆಮ್ಮು ಕೆಮ್ಮುತ್ತಿದ್ದವು. 1999ರ ಮಾರ್ಚಿನಲ್ಲಿ ಕೌಲಾಲಂಪುರದ ಮಲಯ ವಿಶ್ವವಿದ್ಯಾಲಯದಲ್ಲಿ ಚುವಾ ಕಾ ಬಿಂಗ್ ಎಂಬ ವಿಜ್ಞಾನಿ, ಸುಂಗೈ ನಿಪಾ ಎಂಬ ಹಳ್ಳಿಯಿಂದ ಬಂದ ರೋಗಿಯ ಮಾದರಿಯನ್ನು ಜೀವಕೋಶಗಳಲ್ಲಿ ಬೆಳೆಸಿ ನೋಡಿದರು. ಕೋಶಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ದೊಡ್ಡ ಮುದ್ದೆಗಳಾಗಿದ್ದವು. ಜಪಾನಿ ಜ್ವರದ ವೈರಸ್ಸು ಹಾಗೆ ಮಾಡುವುದಿಲ್ಲ. ಅವರು ಅದನ್ನು ಅಮೆರಿಕಕ್ಕೆ ಒಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ದಡಾರದ ವಂಶಕ್ಕೆ ಸೇರಿದ ಹೊಸ ವೈರಸ್ಸು. ಹಳ್ಳಿಯ ಹೆಸರೇ ಅದಕ್ಕೆ ಬಂದಿತು: ನಿಪಾ. ಹತ್ತು ಲಕ್ಷಕ್ಕಿಂತ ಹೆಚ್ಚು ಹಂದಿಗಳನ್ನು ಕೊಂದಮೇಲೆ ಬೇನೆ ನಿಂತಿತು. ಅಷ್ಟರೊಳಗೆ ಮಲೇಶಿಯದಲ್ಲಿ 265 ಮಂದಿಗೆ ತಗಲಿ 105 ಮಂದಿ ತೀರಿಕೊಂಡಿದ್ದರು. ಆ ಹಂದಿಗಳನ್ನು ತರಿಸಿಕೊಂಡ ಸಿಂಗಪುರದ ಕಸಾಯಿಖಾನೆಗಳಲ್ಲಿ 11 ಮಂದಿ ಕೆಲಸಗಾರರು ಕಾಯಿಲೆ ಬಿದ್ದರು, ಒಬ್ಬರು ಸತ್ತರು.

ಹಂದಿಗೆ ಎಲ್ಲಿಂದ ಬಂದಿತು? ಹಂದಿದೊಡ್ಡಿಯ ಪಕ್ಕದಲ್ಲೇ ರೈತ ಮಾವಿನಮರಗಳನ್ನು ಬೆಳೆಸಿದ್ದ. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಇರುಳು ಅಲ್ಲಿಗೆ ಬರುತ್ತಿದ್ದವು. ಅರ್ಧ ತಿಂದ ಹಣ್ಣು ದೊಡ್ಡಿಗೆ ಬೀಳುತ್ತಿತ್ತು. ಬಾವಲಿಯ ಎಂಜಲಿನಲ್ಲಿ ವೈರಸ್ಸಿತ್ತು, ಬಾವಲಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಸಾವಿರಾರು ಹಂದಿಗಳನ್ನು ಒತ್ತೊತ್ತಾಗಿ ಕೂಡಿದ್ದರಿಂದ ಒಣಹುಲ್ಲಿಗೆ ಕಿಡಿ ಬಿದ್ದಂತಾಯಿತು. 1994ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಹೆಂಡ್ರಾ ಎಂಬಲ್ಲಿಯೂ ಇದೇ ವಂಶದ ವೈರಸ್ಸು ಬಾವಲಿಯಿಂದ ಜೂಜುಕುದುರೆಗಳಿಗೂ, ಅಲ್ಲಿಂದ ಅವುಗಳ ತರಬೇತಿದಾರನಿಗೂ ದಾಟಿತ್ತು; ಆತ ಉಳಿಯಲಿಲ್ಲ. ಗಾಯಗೊಂಡ ಬಾವಲಿಗಳನ್ನು ಮನೆಗೆ ತಂದು ಸಾಕುವವರು ಆ ದೇಶದಲ್ಲಿದ್ದಾರೆ. ಅವರ ಕೈಮೈಗೆಲ್ಲ ಬಾವಲಿಯ ಪರಚು, ಕಡಿತ. ನೂರಕ್ಕಿಂತ ಹೆಚ್ಚು ಜನ ಅಂಥವರ ರಕ್ತ ಪರೀಕ್ಷಿಸಿದರೆ ಒಬ್ಬರಲ್ಲೂ ಆ ವೈರಸ್ಸಿನ ಗುರುತಿರಲಿಲ್ಲ. ನಡುವೆ ಕುದುರೆ ಇದ್ದಾಗಲೇ ಅದು ಮನುಷ್ಯನಿಗೆ ಬಂದದ್ದು. ನಾವು ಸಾಕಿದ ಪ್ರಾಣಿಯೇ ಹೀಗೆ ಎಷ್ಟೋ ಸಲ ನಡುವಿನ ಮೆಟ್ಟಿಲಾಗುತ್ತದೆ. ಆದರೆ ಯಾವಾಗಲೂ ಹಾಗೆಯೇ ಎನ್ನುವಂತಿಲ್ಲ. ಬಾಂಗ್ಲಾದೇಶದಲ್ಲಿ ಬಾವಲಿ ಬಾಯಿಟ್ಟ ಹಸಿ ಖರ್ಜೂರದ ನೀರಾದಿಂದ ನಿಪಾ ಬಂದಿದೆ. ನಮ್ಮ ನೆರೆಯ ಕೋಳಿಕೋಡಿನಲ್ಲಿ 2018ರಲ್ಲಿ ಅದು ಕಾಣಿಸಿಕೊಂಡಾಗ ಆಸ್ಪತ್ರೆಯಲ್ಲೇ ರೋಗಿಯಿಂದ ರೋಗಿಗೆ, ಶುಶ್ರೂಷೆ ಮಾಡಿದ ದಾದಿಗೆ ಹಬ್ಬಿತು.

ಇನ್ನು ನಮ್ಮ ಮನೆಯ ಕಥೆಗೆ ಬರೋಣ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಇದೆ. ಊರಿಗೆ ಇಂಥ ಕೀರ್ತಿ ಬೇಕಿತ್ತೆಂದು ಅಲ್ಲಿಯವರು ಯಾರೂ ಹೇಳಲಾರರು. 1957ರಲ್ಲಿ ಆ ಕಾಡಿನಲ್ಲಿ ಮುಸಿಯಗಳೂ ಕೆಂಪುಮೂತಿಯ ಮಂಗಗಳೂ ಮರದಿಂದ ಉದುರಿ ಸಾಯತೊಡಗಿದವು. ಅದೇ ಕಾಲಕ್ಕೆ ಕಾಡಿಗೆ ಹೋಗಿಬಂದ ಜನರಿಗೆ ಇದ್ದಕ್ಕಿದ್ದಂತೆ ಜ್ವರ ಏರಿ, ಹಣೆ ಸಿಡಿದು, ಮೈಕೈ ಮಾಂಸವೆಲ್ಲ ನೊಂದು, ಕಣ್ಣು ಕೆಂಪಾಗಿ, ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ ಬರುತ್ತಿತ್ತು. ಮಂಗ ಸಾಯುವುದೂ ಮನುಷ್ಯನಿಗೆ ಜ್ವರ ಬರುವುದೂ ಒಟ್ಟಿಗೇ ಆದ್ದರಿಂದ, ಆಫ್ರಿಕದ ಹಳದಿಜ್ವರ ಕೊನೆಗೂ ಭಾರತಕ್ಕೆ ಬಂದಿತೇ ಎಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ದಿಗಿಲುಗೊಂಡು ಧಾವಿಸಿದರು. ಟೆಲ್ಫರ್ಡ್ ವರ್ಕ್ ಎಂಬವರು ಆಗ ಕೇಂದ್ರದ ನಿರ್ದೇಶಕರು. ಸಿಕ್ಕಿದ್ದು ಬೇರೆಯದೇ ವೈರಸ್ಸು. ರಷ್ಯದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಬಂಧು. ರಷ್ಯದ ನೆಂಟ ಸೊರಬಕ್ಕೆ ಹೇಗೆ ಬಂದ? ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಸಂದೇಹದಿಂದಲೇ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಬಳಗ ಹಕ್ಕಿಗಳ ಕಾಲಿಗೆ ಬಳೆ ತೊಡಿಸುವ ದೊಡ್ಡ ಕೆಲಸವನ್ನು ಆರಂಭಿಸಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಹಕ್ಕಿಗಳ ವಿಷಯವಾಗಿ ನಮಗೆ ಬೇಕಾದಷ್ಟು ತಿಳಿಯಿತು.

ಮಲೆನಾಡಿನವರು ಇದನ್ನು ಮಂಗನ ಕಾಯಿಲೆ ಎಂದರು. ಮಂಗ ಪಾಪ, ನಮ್ಮಂತೆಯೇ ಕಾಯಿಲೆಗೆ ಸಿಕ್ಕಿಬಿದ್ದ ಪ್ರಾಣಿ. ವೈರಸ್ಸನ್ನು ಒಯ್ಯುವುದು ಉಣ್ಣಿ. ಮಲೆನಾಡಿನ ಮಾತಿನಲ್ಲಿ ಉಣುಗು. ಕಾಡಿನ ಇಲಿ ಮೂಗಿಲಿಗಳಲ್ಲಿ, ಉಣುಗುಗಳಲ್ಲಿ ವೈರಸ್ಸು ಸದ್ದಿಲ್ಲದೆ ಇರುತ್ತದೆ. ಮಂಗನಿಗೆ ತಗಲಿದಾಗ ಅದರ ರಕ್ತದಲ್ಲಿ ಅಪಾರವಾಗಿ ಹೆಚ್ಚುತ್ತದೆ. ಮಂಗ ಸತ್ತು ಬಿದ್ದ ಕಡೆ ಅದರ ಮೈಯ ಉಣುಗುಗಳು ಇಳಿದು ತರಗೆಲೆಗಳಲ್ಲಿ ಹರಡುತ್ತವೆ. ಎಳ್ಳಿಗಿಂತ ಸಣ್ಣ ಎಳೆಯ ಉಣುಗುಗಳು ಕಚ್ಚಿದ್ದೇ ಎಷ್ಟೋ ಜನಕ್ಕೆ ತಿಳಿಯುವುದಿಲ್ಲ. ನವೆಂಬರಿನಿಂದ ಮೇ ತಿಂಗಳ ತನಕ ಅವುಗಳ ಕಾಲ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ಎಂದು ಜನ ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ.

ಇದರಲ್ಲಿ ದನದ ಪಾತ್ರ ವಿಚಾರಮಾಡತಕ್ಕದ್ದು. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಹಾಲಿನಿಂದಾಗಲಿ ಸಗಣಿಯಿಂದಾಗಲಿ ನಮಗೂ ಬರುವುದಿಲ್ಲ. ಆದರೆ ಬೆಳೆದ ಉಣುಗು ರಕ್ತಕ್ಕಾಗಿ ಆಶ್ರಯಿಸುವುದು ದನವನ್ನು. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ಪೊದೆ ಬೆಳೆದು, ಅಲ್ಲಿ ದನ ಮೇಯುವಂತಾದಾಗ ಉಣುಗುಗಳಿಗೆ ಹಬ್ಬದೂಟ. ಹೊಟ್ಟೆ ತುಂಬಿದ ಹೆಣ್ಣುಣುಗು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹೀಗೆ ಯಾವ ತಪ್ಪೂ ಇಲ್ಲದ ಹಸು ಕಾಯಿಲೆಗೆ ಸಾಕುತಾಯಿಯಾಗುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದಾಗ ಸಾವಿರಕ್ಕೂ ಮಿಕ್ಕಿ ಜನ ಬೇನೆಬಿದ್ದರು. ಕಡಿದವರು ಕೂಲಿಗಳು; ತೋಟ ಬೇರೆಯವರದು.

2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಅಲ್ಲಿಯ ತನಕ ಆ ಕಡೆ ಈ ಕಾಯಿಲೆಯ ಸುದ್ದಿಯೇ ಇರಲಿಲ್ಲ. ಸತ್ತ ಮಂಗಗಳನ್ನು ಎತ್ತಿ ಸುಡುವ ಕೆಲಸ ಮಾಡಿದ ಅರಣ್ಯ ಇಲಾಖೆಯ ಕೆಳಗಿನ ನೌಕರರಿಗೇ ಮೊದಲು ಜ್ವರ ಬಂದಿತು. ಸರ್ಕಾರದ ಕೆಲಸವೆಂದು ಮಾಡಿದವರು ಅವರು. ಮುಂದೆ ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗಗಳಲ್ಲೂ ಕಾಯಿಲೆ ತೋರಿತು. ಒಂದು ಸಮಾಧಾನವೆಂದರೆ, ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮಲ್ಲಿಗೆ ಬಂದ ವೈರಸ್ಸಿಗೆ ಮುಂದೆ ದಾರಿಯಿಲ್ಲ. ತಗಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆ. ಉಳಿದವರು ಗುಣವಾದರೂ ಬಹುಕಾಲ ನಿತ್ರಾಣದಿಂದ ಬಳಲುತ್ತಾರೆ.

ಈಚಿನ ಇನ್ನೊಂದು ಸಂಗತಿ ಹಾಲಿಗೆ ಸಂಬಂಧಿಸಿದ್ದು. ಕೋಳಿಜ್ವರ ನಿಮಗೆ ಗೊತ್ತು. 1997ರಲ್ಲಿ ಹಾಂಗ್‌ಕಾಂಗಿನ ಕೋಳಿಸಂತೆಗಳ ಮೂಲಕ ಅದು 18 ಮಂದಿಗೆ ತಗಲಿ ಆರು ಮಂದಿಯನ್ನು ಕೊಂದಿತು. ಅದೇ ಜಾತಿಯ ವೈರಸ್ಸು 2024ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಸುಗಳಲ್ಲಿ ಸಿಕ್ಕಾಗ ಎಲ್ಲರೂ ಬೆರಗಾದರು. ಹಸು ಮೇವು ಬಿಡುತ್ತಿತ್ತು. ಹಾಲು ಕಡಿಮೆಯಾಗಿ ಗಿಣ್ಣುಹಾಲಿನಂತೆ ಹಳದಿಯಾಗಿ ದಪ್ಪವಾಗುತ್ತಿತ್ತು. ಆ ಹಸಿಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಕರೆಯುವ ಕೆಲಸಗಾರರಿಗೆ ಬಂದದ್ದು ಏನೆಂದರೆ ಕಣ್ಣುಬೇನೆ! ಹಿಂದೆ ಹೇಳಿದ ಬೀಗದ ಮಾತನ್ನು ಇಲ್ಲಿ ನೆನೆಯಬೇಕು. ಹಕ್ಕಿಯ ಬೀಗದಕೈಗೆ ಹೊಂದುವ ಬೀಗ ನಮ್ಮ ಮೂಗು ಗಂಟಲುಗಳಲ್ಲಿ ವಿರಳ. ಕಣ್ಣಿನ ಪೊರೆಯಲ್ಲಿದೆ, ಶ್ವಾಸಕೋಶದ ಆಳದಲ್ಲಿದೆ. ಹಸುವಿನ ಕೆಚ್ಚಲಲ್ಲಂತೂ ಧಾರಾಳವಾಗಿದೆ. ಆದುದರಿಂದ ಹಾಲಿನ ತುಂಬ ವೈರಸ್ಸು, ಅದು ಸಿಡಿದ ಕಣ್ಣು ಕೆಂಪು. ಮಿಚಿಗನ್ ಮತ್ತು ಕೊಲರಾಡೋಗಳಲ್ಲಿ ಅಂಥ ಕೊಟ್ಟಿಗೆಗಳ 115 ಮಂದಿ ಕೆಲಸಗಾರರ ರಕ್ತ ಪರೀಕ್ಷಿಸಿದಾಗ ಎಂಟು ಮಂದಿಗೆ ವೈರಸ್ಸು ತಗಲಿದ್ದ ಗುರುತು ಸಿಕ್ಕಿತು. ಎಂಟು ಮಂದಿಯೂ ಹಾಲು ಕರೆದವರು ಅಥವಾ ಕರೆಯುವ ಜಾಗ ತೊಳೆದವರು. ಅವರಲ್ಲಿ ಅರ್ಧದಷ್ಟು ಜನಕ್ಕೆ ತಮಗೆ ಕಾಯಿಲೆಯಾಗಿದ್ದ ನೆನಪೇ ಇರಲಿಲ್ಲ.

ಹಾಲಿನ ಬಗ್ಗೆ ಗೃಹಿಣಿಯರು ಅಂಜಬೇಕಾಗಿಲ್ಲ. ಪಾಶ್ಚೀಕರಿಸಿದ ಹಾಲಿನಲ್ಲಿ ಈ ವೈರಸ್ಸು ಬದುಕದು. ಉಕ್ಕು ಬರುವಂತೆ ಕಾಯಿಸಿದ ಹಾಲಿನಲ್ಲಂತೂ ಮಾತೇ ಬೇಡ. ಹಾಲು ಕಾಯಿಸದೆ ಕುಡಿಯುವುದೇ ಆರೋಗ್ಯವೆಂದು ವಾದಿಸುವವರು ಪರದೇಶಗಳಲ್ಲಿ ಹುಟ್ಟಿಕೊಂಡಿದ್ದಾರೆ. ಆ ಗಾಳಿ ಇಲ್ಲಿಗೂ ಬೀಸುತ್ತಿದೆ. ನಮ್ಮ ಅಜ್ಜಿಯರಿಗೆ ವೈರಸ್ಸಿನ ಹೆಸರು ಗೊತ್ತಿರಲಿಲ್ಲ. ಆದರೆ ಹಾಲನ್ನು ಕಾಯಿಸದೆ ಇಟ್ಟವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ.

ಹುಚ್ಚುನಾಯಿಯ ವಿಷಯ ಎಲ್ಲರಿಗೂ ಗೊತ್ತು. ಹುಚ್ಚುಹಸುವಿನ ವಿಷಯ ಎಲ್ಲರಿಗೂ ಗೊತ್ತಿಲ್ಲ. ಹುಚ್ಚುನಾಯಿ ಕಚ್ಚಿದ ಹಸು ಕೆಲವು ವಾರಗಳ ಮೇಲೆ ಜೊಲ್ಲು ಸುರಿಸುತ್ತದೆ, ನುಂಗಲಾರದೆ ಒದ್ದಾಡುತ್ತದೆ, ವಿಕಾರವಾಗಿ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಯಜಮಾನ ಬಾಯೊಳಗೆ ಕೈ ಹಾಕುತ್ತಾನೆ. ಕೈಯಲ್ಲಿ ಒಂದು ಗೀರು ಇದ್ದರೂ ಸಾಕು. ಈ ಬೇನೆಯ ಲಕ್ಷಣ ತೋರಿದ ಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ತೋರುವ ಮುನ್ನ ಚಿಕಿತ್ಸೆ ಪಡೆದವರು ಉಳಿಯುತ್ತಾರೆ. ಜೊಲ್ಲು ತಾಗಿದ ಗಾಯವನ್ನು ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು. ಆ ಭಯದಿಂದ ಯಾರೂ ಹಿಂಜರಿಯಬೇಕಾಗಿಲ್ಲ. ಪಶುವೈದ್ಯರೂ ಅವರ ಸಹಾಯಕರೂ ಮುಂಚಿತವಾಗಿಯೇ ಹಾಕಿಸಿಕೊಳ್ಳಬಹುದು. ವೈದ್ಯರು ಹಾಕಿಸಿಕೊಂಡಿರುತ್ತಾರೆ. ದನದ ಮೂಗುದಾರ ಹಿಡಿದು ನಿಲ್ಲುವ ಜವಾನನನ್ನೂ ನೆನೆಯಬೇಕು.

ಇದೆಲ್ಲಕ್ಕೂ ಉಪಾಯವೇನು? ಕೈಗವಸು, ಮುಖವಸ್ತ್ರ, ಸೋಪು, ಬಿಸಿನೀರು ಎಂದು ಪಟ್ಟಿ ಓದಿಬಿಡುವುದು ಸುಲಭ. ಬೇಸಗೆಯಲ್ಲಿ ಕೋಳಿಫಾರಮಿನ ತಗಡಿನ ಸೂರಿನಡಿ ಮುಖವಸ್ತ್ರ ಕಟ್ಟಿ ಎಂಟು ಗಂಟೆ ದುಡಿಯಿರೆಂದು ಹೇಳುವವರು ಒಮ್ಮೆ ಅಲ್ಲಿ ನಿಂತು ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಮುಖ್ಯವಾದುವು ಎರಡಿವೆ. ಮೊದಲನೆಯದು, ರೋಗ ಬಂದ ಹಿಂಡನ್ನು ಸರ್ಕಾರ ಕೊಲ್ಲಿಸುವಾಗ ರೈತನಿಗೆ ತಕ್ಕ ಪರಿಹಾರ, ತಡವಿಲ್ಲದೆ. ಪರಿಹಾರ ಸಿಗದೆಂದು ತಿಳಿದವನು ಸುದ್ದಿ ಮುಚ್ಚಿಡುತ್ತಾನೆ, ಇಲ್ಲವೆ ರಾತ್ರೋರಾತ್ರಿ ಮಾರುತ್ತಾನೆ. ಇಪೋದಲ್ಲಿ ಹಂದಿಗಳು ಲಾರಿ ಹತ್ತಿದ್ದು ಹಾಗೆಯೇ. ಕೂಲಿಯವನೂ ಅಷ್ಟೆ. ಜ್ವರವೆಂದರೆ ಕೂಲಿ ಹೋಗುವುದಾದರೆ ಅವನು ಜ್ವರವೆನ್ನುವುದಿಲ್ಲ. ಎರಡನೆಯದು, ಆಸ್ಪತ್ರೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ. ಜ್ವರವೆಂದು ಬಂದವನ ನಾಡಿ ನೋಡಿ, ನಾಲಗೆ ನೋಡಿ, ಗುಳಿಗೆ ಬರೆದುಕೊಡುವ ಮೊದಲು ‘ಏನಪ್ಪಾ, ಏನು ಕೆಲಸ ಮಾಡ್ತೀಯ? ಕೊಟ್ಟಿಗೆಯಲ್ಲಿ ಯಾವುದಾದರೂ ಸತ್ತಿತೆ? ಕಾಡಿಗೆ ಹೋಗಿದ್ದೆಯಾ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ವೈದ್ಯರು ಕೇಳಲಿಲ್ಲವಾದರೆ ರೋಗಿಯೇ ಹೇಳಬೇಕು.

ಮಂಗನ ಕಾಯಿಲೆಗೆ 1990ರಿಂದ ಬಳಕೆಯಲ್ಲಿದ್ದ ಲಸಿಕೆ ಸಾಕಷ್ಟು ಬಲವುಳ್ಳದ್ದಲ್ಲವೆಂದು ಕಂಡುಬಂದು 2022ರಲ್ಲಿ ಅದನ್ನು ಕೊಡುವುದು ನಿಂತಿದೆ. ಹೊಸದನ್ನು ಸಿದ್ಧಪಡಿಸುವ ಕೆಲಸ ನಡೆದಿದೆ. ಅಲ್ಲಿಯ ತನಕ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲವೇ ಗತಿ. ಮೈ ತುಂಬ ಬಟ್ಟೆ ತೊಟ್ಟು, ತೆರೆದ ಕೈಕಾಲು ಕುತ್ತಿಗೆಗಳಿಗೆ ತೈಲ ಸವರಿಕೊಂಡು ಹೋಗಬೇಕು. ಹಿಂದಿರುಗಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಬೇಕು. ಮಲೆನಾಡಿನಲ್ಲಿ ನಿಮ್ಮ ನೆಂಟರಿಷ್ಟರಿದ್ದರೆ ಒಂದು ಕಾಗದದಲ್ಲಿ ಇಷ್ಟು ತಿಳಿಸಿ: ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಅದನ್ನು ಕೋಲಿನಿಂದಲೂ ಎಳೆಯಬೇಡಿ, ಆ ಜಾಗದಲ್ಲಿ ದರಗು ಗುಡಿಸಬೇಡಿ, ದನ ಅಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಸುದ್ದಿ ಮುಟ್ಟಿಸಿ.